ನಕ್ಷೆಯಲ್ಲಿ ನೀರಿದೆ

ಜನವಿಲ್ಲದ ಸೀಮೆಯ ನಕ್ಷೆಯಷ್ಟು ಬಾಯಿಬಡುಕ ಕಾಗದ ಇನ್ನೊಂದಿಲ್ಲ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರ ಹಳೆಯ ನೆವಾಡಾ ಹಾಳೆಗಳನ್ನು ನೋಡಬೇಕು. ದನ ಮೇಯುವ ಮರುಭೂಮಿಯಲ್ಲಿ ಒಂದು ಬಾವಿಯಿದ್ದರೆ ‘ಬಾವಿ’, ಗಾಳಿಯಂತ್ರವಿದ್ದರೆ ‘ಗಾಳಿಯಂತ್ರ’, ದೊಡ್ಡಿಯಿದ್ದರೆ ‘ದೊಡ್ಡಿ’ ಎಂದು ಒಂದನ್ನೂ ಬಿಡದೆ ಬರೆದಿರುತ್ತಾರೆ. ಗುಡ್ಡಕ್ಕೆ ಕಂದು, ನೀರಿಗೆ ನೀಲಿ. ಆಮೇಲೆ ತಿದ್ದಿದ್ದಕ್ಕೆ ನೇರಳೆ. ಅದು ವಿಮಾನದ ಚಿತ್ರ ನೋಡಿ ತಿದ್ದಿದ್ದು, ಸ್ಥಳಕ್ಕೆ ಹೋಗಿ ಪರಿಶೀಲಿಸಿಲ್ಲ ಎಂದು ಅಂಚಿನಲ್ಲೇ ಹೇಳಿಬಿಟ್ಟಿರುತ್ತಾರೆ. ಸರ್ಕಾರಿ ಕೆಲಸದಲ್ಲಿ ಇಷ್ಟು ಪ್ರಾಮಾಣಿಕತೆ ನಾನು ಬೇರೆಲ್ಲೂ ಕಂಡಿಲ್ಲ.

ಇವನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ನಮ್ಮ ಯಜಮಾನರದಲ್ಲ. ಮೈಸೂರಿನಿಂದ ಬಂದಿದ್ದ ಅತ್ತೆಯವರನ್ನೂ ಕೂರಿಸಿಕೊಂಡು 50ನೇ ನಂಬರಿನ ಹೆದ್ದಾರಿ ಹಿಡಿದರು. 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆದದ್ದು ಇದನ್ನೇ. ಆ ಒಂಟಿತನ ಸಾಲದೆಂದು ಅವರು ಮಣ್ಣಿನ ದಾರಿಗೆ ತಿರುಗಿಸಿದರು.

“ಅಮ್ಮಾ, ಮುಂದೆ ಕೆರೆಯಿದೆ. ಅಲ್ಲೇ ಊಟ.”

“ರೀ, ಈ ನೀಲಿ ಗೆರೆ ತುಂಡುತುಂಡಾಗಿದೆಯಲ್ಲ?”

“ಅಂದರೆ ಒಮ್ಮೊಮ್ಮೆ ನೀರಿರುತ್ತದೆ.”

“ನಮ್ಮ ಮನೆಯ ನಲ್ಲಿಯಲ್ಲೂ ಹಾಗೇ ಕಣೋ,” ಎಂದರು ಅತ್ತೆ.

ಕೆರೆ ಬಂತು. ಬೆಳ್ಳಗೆ, ಮಟ್ಟಸವಾಗಿ, ಹಪ್ಪಳದಂತೆ ಬಿರುಕು ಬಿಟ್ಟುಕೊಂಡು ಮೈಲಿಗಟ್ಟಲೆ ಹರಡಿತ್ತು. ನೀರು ಮಾತ್ರ ಇರಲಿಲ್ಲ. ಯಜಮಾನರು ಕಾರನ್ನು ಅದರ ಮೇಲೇ ಓಡಿಸಿದರು. ನೀರೆಲ್ಲ ಆ ಹಪ್ಪಳದ ಕೆಳಗೆ ಕೆಸರಾಗಿ ಕಾದು ಕುಳಿತಿದೆ ಎಂಬುದು ಹಿಂದಿನ ಚಕ್ರಗಳು ಹೂತುಹೋದ ಮೇಲೆ ತಿಳಿಯಿತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಬೇಲಿಯಾಚೆಯಿಂದ ದನಗಳು ದಿಟ್ಟಿಸಿ ನೋಡುತ್ತಿದ್ದವು. ಅವಕ್ಕೂ ಬೇರೆ ಮನರಂಜನೆ ಇರಲಿಲ್ಲವೇನೋ.

ಹೊತ್ತು ಇಳಿಯುವಾಗ ದನಗಳ ಯಜಮಾನ ಪಿಕಪ್ಪಿನಲ್ಲಿ ಬಂದ. ಏನೂ ಕೇಳದೆ ಸರಪಳಿ ಬಿಗಿದು ಕಾರನ್ನು ಎಳೆದ. ನಮ್ಮವರು ಅಷ್ಟರಲ್ಲಿ ನಕ್ಷೆ ಬಿಡಿಸಿ, ಇಲ್ಲಿನ ಗಾಳಿಯಂತ್ರ ಎಲ್ಲಿ ಎಂದು ವಿಚಾರಿಸಿದರು. ಅದು ಬಿದ್ದು ಎಷ್ಟೋ ಕಾಲವಾಯಿತು, ಈಗ ಸೋಲಾರ್ ಪಂಪು ಎಂದ. ಅತ್ತೆ ಕೊಟ್ಟ ಪುಳಿಯೋಗರೆಯನ್ನು ತಿಂದು, ಕಣ್ಣಲ್ಲಿ ನೀರು ಸುರಿಸುತ್ತಾ ನಮ್ಮ ಬಾಟಲಿಯ ನೀರನ್ನೆಲ್ಲ ಕುಡಿದು ಹೋದ.

ಹೆದ್ದಾರಿ ಸೇರುವವರೆಗೂ ಯಜಮಾನರು ಮಾತಾಡಲಿಲ್ಲ. ಆಮೇಲೆ ಹಾಳೆಯ ಅಂಚನ್ನು ಬೆರಳಿನಿಂದ ತಟ್ಟಿ, “ಇದರದ್ದೇನೂ ತಪ್ಪಿಲ್ಲ. ನಾವು ಹೂತುಹೋದ ಜಾಗ ಪಕ್ಕದ ಹಾಳೆಯಲ್ಲಿದೆ. ಅದನ್ನು ನಾನು ಪ್ರಿಂಟೇ ತೆಗೆದಿರಲಿಲ್ಲ,” ಎಂದರು.