ಸ್ಪಷ್ಟನೆ: ಅಭಿವೃದ್ಧಿ ಅಧ್ಯಯನದ ಪದವಿ ವಿಶ್ವಸಂಸ್ಥೆಯ ನೇಮಕಾತಿ ಪತ್ರವಲ್ಲ

‘ಅಂತಾರಾಷ್ಟ್ರೀಯ ಅಭಿವೃದ್ಧಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ವಿಶ್ವಸಂಸ್ಥೆಯಲ್ಲಿ ನೇರ ಉದ್ಯೋಗ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು. ಇದನ್ನು ನಂಬಿ ಸಾಲ ಮಾಡಿ ಓದಲು ಹೊರಡುವವರನ್ನು ನೆನೆದರೆ ಸಂಕಟವಾಗುತ್ತದೆ.

ವಿಶ್ವಸಂಸ್ಥೆಯ ಸಚಿವಾಲಯಕ್ಕೆ ಯುವಜನರು ಸೇರುವ ಪ್ರಮುಖ ದಾರಿ ‘ಯಂಗ್ ಪ್ರೊಫೆಷನಲ್ಸ್ ಪ್ರೋಗ್ರಾಮ್’ ಎಂಬ, ಪರೀಕ್ಷೆಯ ಮೂಲಕ ನಡೆಯುವ ನೇಮಕಾತಿ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು ಎಂದಿಲ್ಲ. ಸಂಬಂಧಪಟ್ಟ ವಿಷಯದಲ್ಲಿ ಮೊದಲ ಹಂತದ (ಸ್ನಾತಕ) ಪದವಿ ಸಾಕು. ಆದರೆ ಪರೀಕ್ಷೆಯ ವರ್ಷದಲ್ಲಿ ವಯಸ್ಸು 32 ಮೀರಿರಬಾರದು, ಆ ವರ್ಷ ಭಾಗವಹಿಸುವ ದೇಶಗಳ ಪಟ್ಟಿಯಲ್ಲಿ ನಿಮ್ಮ ದೇಶ ಇರಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಎಷ್ಟೇ ಅಂಕ ಬಂದಿದ್ದರೂ ಅರ್ಜಿ ಹಾಕುವಂತಿಲ್ಲ. ಇದನ್ನು ಆ ಸಂದೇಶ ಹೇಳುವುದೇ ಇಲ್ಲ. ಈ ಪ್ರೋಗ್ರಾಮ್ ಮೂಲಕ ಸಿಗುವ ಹುದ್ದೆಗಳಿಗಿಂತ ಮೇಲಿನ, ‘ಪಿ-3’ ಎಂದು ಕರೆಯುವ ಶ್ರೇಣಿಯ ಹುದ್ದೆಗಳಿಗೆ ಸ್ನಾತಕೋತ್ತರ ಪದವಿಯ ಜೊತೆಗೆ ಸಾಮಾನ್ಯವಾಗಿ ಐದು ವರ್ಷಗಳ ಅನುಭವ ಕೇಳುತ್ತಾರೆ.

ಇನ್ನೊಂದು ಮಾತೂ ತಿಳಿದಿರಲಿ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದ ಅನುಭವಿಗಳೂ ಈಗ ಇದೇ ಕ್ಷೇತ್ರದಲ್ಲಿ ಕೆಲಸ ಹುಡುಕುತ್ತಿದ್ದಾರೆ.

ಹಾಗೆಂದು ಈ ಓದು ವ್ಯರ್ಥ ಎನ್ನುತ್ತಿಲ್ಲ. ಬಡತನವನ್ನು ಆದಾಯದಿಂದಷ್ಟೇ ಅಳೆಯಬಾರದು ಎಂಬ ಅಮರ್ತ್ಯ ಸೇನ್ ಅವರ ಚಿಂತನೆ, 1990ರಲ್ಲಿ ಶುರುವಾದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ, ದೇಶಗಳು ಕೊಡುವ ನೆರವಿನ ಹಿಂದಿನ ರಾಜಕೀಯ, ಇವನ್ನೆಲ್ಲ ಆಳವಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅರ್ಜಿ ಹಾಕುವ ಮುನ್ನ ಕೋರ್ಸಿನಲ್ಲಿ ಅಂಕಿಅಂಶ ವಿಶ್ಲೇಷಣೆ ಮತ್ತು ಕ್ಷೇತ್ರಕಾರ್ಯ ಎಷ್ಟಿದೆ, ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಭಾಗಕ್ಕೇ ಬರೆದು ಕೇಳಿ.