ಜೆಮಾನ್ ಸೀರಿ ಸಿ ಗೆ ಮರಳಿದ್ದು ಇಳಿತವಲ್ಲ

"ಅಷ್ಟೆಲ್ಲಾ ಹೊಗಳ್ತೀರಲ್ಲ, ಗೆದ್ದಿದ್ದೇನು?" ಇಟಲಿಯ ಕೋಚ್ ಜ್ಡೆನೆಕ್ ಜೆಮಾನ್ ಹೆಸರೆತ್ತಿದರೆ ಸಾಕು, ಫುಟ್ಬಾಲ್ ಹುಚ್ಚಿರುವ ಗೆಳೆಯರು ಈ ಪ್ರಶ್ನೆ ಎಸೆಯುತ್ತಾರೆ. ಉತ್ತರಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 1985ರಲ್ಲಿ ಲಿಕಾಟ ತಂಡಕ್ಕೆ ನಾಲ್ಕನೇ ದರ್ಜೆಯ ಪ್ರಶಸ್ತಿ. 1991ರಲ್ಲಿ ಫೋಜಾ, 2012ರಲ್ಲಿ ಪೆಸ್ಕಾರಾ, ಎರಡಕ್ಕೂ ಎರಡನೇ ದರ್ಜೆಯ ಪ್ರಶಸ್ತಿ. ಲಾಜಿಯೊ, ರೋಮಾದಂಥ ದೊಡ್ಡ ತಂಡಗಳು ಕೈಗೆ ಬಂದರೂ ಮೇಲಿನ ದರ್ಜೆಯಲ್ಲಿ ಒಂದು ಕಪ್ಪೂ ಇಲ್ಲ.

ಇಷ್ಟಾದರೂ ನಾನು ಅವರನ್ನು ಇಟಲಿಯ ಅತಿ ಮುಖ್ಯ ಕೋಚ್‌ಗಳಲ್ಲಿ ಒಬ್ಬರು ಅಂತಲೇ ಹೇಳುತ್ತೇನೆ. ಅವರ ಬದುಕಿನ ಯಾವ ಭಾಗವನ್ನು ಪತ್ರಿಕೆಗಳು "ಇಳಿಗಾಲ" ಅಂತ ಕರೆದವೋ, ಸೀರಿ ಸಿ ಎಂಬ ಆ ಮೂರನೇ ದರ್ಜೆಯ ವರ್ಷಗಳನ್ನೇ ಮುಂದಿಟ್ಟು ಹೇಳುತ್ತೇನೆ.

ಜೆಮಾನ್ ಹುಟ್ಟಿದ್ದು 1947ರಲ್ಲಿ, ಪ್ರಾಗ್‌ನಲ್ಲಿ. ಜುವೆಂಟಸ್‌ಗೆ ಕೋಚ್ ಆಗಿ ಎರಡು ಸಲ ಲೀಗ್ ಗೆಲ್ಲಿಸಿದ ಚೆಸ್ಟ್ಮಿರ್ ವಿಚ್ಪಾಲೆಕ್ ಅವರ ಸೋದರಮಾವ. ಮಾವನ ನಂಟಿನಿಂದ ಸಿಸಿಲಿಯ ಪಲೆರ್ಮೊಗೆ ಬಂದ ಹುಡುಗ ಅಲ್ಲೇ ನೆಲೆಸಿದ, ದೈಹಿಕ ಶಿಕ್ಷಣ ಓದಿದ, 1974ರಿಂದ ಪಲೆರ್ಮೊ ಕ್ಲಬ್‌ನ ಎಳೆಯರಿಗೆ ಆಟ ಕಲಿಸಿದ. ತಾನು ಎಂದೂ ವೃತ್ತಿಪರ ಆಟಗಾರನಾಗಿರಲಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಇಟಲಿಯಲ್ಲಿ ಕೋಚ್ ಆಗುವವರಲ್ಲಿ ಹೆಚ್ಚಿನವರು ಹಳೆಯ ಆಟಗಾರರು. ಮೈದಾನದಲ್ಲಿ ಗಳಿಸಿದ ಹೆಸರೇ ಅವರ ಮೊದಲ ಬಂಡವಾಳ. ಜೆಮಾನ್ ಕೈಯಲ್ಲಿ ಇದ್ದದ್ದು ಪಾಠ ಹೇಳುವ ಕಸುಬು ಮಾತ್ರ. ಅದಕ್ಕೇ ಅವರು ಕೊನೆಯವರೆಗೂ ಮೇಷ್ಟ್ರಾಗಿಯೇ ಉಳಿದರು.

ಆ ಪಾಠ ಹೇಗಿತ್ತು? ಬೇಸಿಗೆಯ ತಯಾರಿ ಶಿಬಿರದಲ್ಲಿ ಸ್ಟೇಡಿಯಂನ ಪ್ರೇಕ್ಷಕರ ಗ್ಯಾಲರಿಯ ಮೆಟ್ಟಿಲು ಹತ್ತುವುದು. ಓಡಿಕೊಂಡಲ್ಲ, ಹಾರಿಕೊಂಡು. ಮೊದಲು ಎರಡೂ ಕಾಲು ಜೋಡಿಸಿ, ಆಮೇಲೆ ಒಂದೇ ಕಾಲಿನಲ್ಲಿ, ಕೆಲವೊಮ್ಮೆ ಹೆಗಲ ಮೇಲೆ ಮರಳಿನ ಚೀಲ ಹೊತ್ತು. ಇಟಲಿಯಲ್ಲಿ ಇದನ್ನು ಗ್ರಡೋನಿ ಅನ್ನುತ್ತಾರೆ. ಜೆಮಾನ್ ಕೈಕೆಳಗೆ ಆಡಿದವರು ವಯಸ್ಸಾದ ಮೇಲೂ ಮೊದಲು ನೆನೆಯುವುದು ಈ ಮೆಟ್ಟಿಲುಗಳನ್ನೇ. ಊಟಕ್ಕೆ ಬೇಯಿಸಿದ ಆಲೂಗಡ್ಡೆ. ಇಷ್ಟು ಕಾಲಿನ ಕೆಲಸವಾದ ಮೇಲೆ ಆಟದ ಪಾಠ ಶುರು. 4-3-3, ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು; ಅದೆಂದೂ ಬದಲಾಗದು. ಬದಿಯಲ್ಲಿ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್), ಮಿಡ್‌ಫೀಲ್ಡರ್, ವಿಂಗರ್ (ಅಂಚಿನಲ್ಲಿ ಮುಂದೆ ಆಡುವವನು) ಮೂವರೂ ಸೇರಿ ತ್ರಿಕೋನ ಕಟ್ಟಬೇಕು. ವಿಂಗರ್ ಒಳಗೆ ನುಗ್ಗಿದ ಕ್ಷಣ ಫುಲ್‌ಬ್ಯಾಕ್ ಹೊರಗಿನಿಂದ ಓಡಬೇಕು, ಚೆಂಡು ಮುಂದಕ್ಕೇ ಹೋಗಬೇಕು. ಇಡೀ ಡಿಫೆನ್ಸ್ ಮೈದಾನದ ನಡುಗೆರೆಯ ಹತ್ತಿರ ನಿಂತಿರುತ್ತದೆ, ಹಿಂದೆಲ್ಲ ಖಾಲಿ. ಆ ಖಾಲಿ ಜಾಗ ಕಾಯುವ ಹೊಣೆ ಪೆನಾಲ್ಟಿ ಬಾಕ್ಸ್ ಬಿಟ್ಟು ಮುಂದೆ ಬರುವ ಗೋಲ್‌ಕೀಪರ್‌ನದು. ಫೋಜಾದಲ್ಲಿ ಫ್ರಾಂಕೊ ಮಾಂಚಿನಿ ಆ ಕೆಲಸವನ್ನು ಎಷ್ಟು ಧೈರ್ಯದಿಂದ ಮಾಡುತ್ತಿದ್ದರೆಂದರೆ, ಈಗಿನ ಕೀಪರ್‌ಗಳನ್ನು ನೋಡಿದಾಗಲೂ ನನಗೆ ಅವರೇ ನೆನಪಾಗುತ್ತಾರೆ.

ಫೋಜಾ ಅಂದರೆ ದಕ್ಷಿಣದ ಪೂಲ್ಯಾ ಸೀಮೆಯ ಗೋಧಿ ಬೆಳೆಯುವ ಊರು. ಕ್ಲಬ್ಬಿನ ಆಗಿನ ಒಡೆಯ ಪಾಸ್ಕ್ವಾಲೆ ಕಾಸಿಲ್ಲೊ ಧಾನ್ಯದ ವ್ಯಾಪಾರಿ. 1987ರಲ್ಲಿ ಇದೇ ಕ್ಲಬ್ ಜೆಮಾನ್ ಅವರನ್ನು ಕೆಲಸದಿಂದ ತೆಗೆದಿತ್ತು, 1989ರಲ್ಲಿ ತಾನೇ ಮತ್ತೆ ಕರೆಯಿತು. ಸಿನ್ಯೋರಿ, ಬಯಾನೊ, ರಂಬಾವುದಿ ಎಂಬ ಮೂವರು ಮುಂಚೂಣಿಯಲ್ಲಿದ್ದ ತಂಡ 1991ರಲ್ಲಿ ಮೇಲಿನ ದರ್ಜೆಯಾದ ಸೀರಿ ಎ ಗೆ ಏರಿತು. ಮೊದಲ ವರ್ಷವೇ ಹೊಡೆದ ಗೋಲು 58, ಬಿಟ್ಟುಕೊಟ್ಟದ್ದೂ 58! ಕೊನೆಯ ಪಂದ್ಯದಲ್ಲಿ ಸ್ವಂತ ಮೈದಾನದಲ್ಲೇ ಮಿಲಾನ್ ಎದುರು ಅರ್ಧ ಆಟಕ್ಕೆ 2-1 ಮುಂದಿದ್ದು, ಮುಗಿಯುವಾಗ 8-2ರಿಂದ ಸೋತರು. ಟೀಕಾಕಾರರು ಯಾವತ್ತೂ ಎತ್ತಿ ತೋರಿಸುವುದು ಈ ಪಂದ್ಯವನ್ನೇ. ತೋರಿಸಲಿ. ಅದರ ಮರುವರ್ಷದ ಕಥೆಯನ್ನೂ ಹೇಳಲಿ: ಆ ಮೂವರೂ ಮಾರಾಟವಾದರು, ತಂಡ ಹೆಚ್ಚುಕಡಿಮೆ ಹೊಸದಾಯಿತು, ಹೆಸರಿಲ್ಲದ ಹುಡುಗರನ್ನು ಕಟ್ಟಿಕೊಂಡು ಜೆಮಾನ್ ಅದೇ ಆಟ ಆಡಿಸಿದರು, ಫೋಜಾ ಮೇಲಿನ ದರ್ಜೆಯಲ್ಲೇ ಉಳಿಯಿತು. ಸಿನ್ಯೋರಿ ಲಾಜಿಯೊಗೆ ಹೋಗಿ ಮೂರು ಸಲ ಸೀರಿ ಎ ಯ ಅತಿ ಹೆಚ್ಚು ಗೋಲುಗಳ ಸರದಾರರಾದರು.

1998ರಲ್ಲಿ ಫುಟ್ಬಾಲ್‌ನಲ್ಲಿ ಔಷಧಿಗಳ ಬಳಕೆ ಮಿತಿಮೀರಿದೆ ಎಂದು ಜೆಮಾನ್ ಬಹಿರಂಗವಾಗಿ ಹೇಳಿದ್ದು, ಅದರಿಂದ ಟುರಿನ್‌ನಲ್ಲಿ ತನಿಖೆ ಶುರುವಾದದ್ದು, ಆಮೇಲೆ ದೊಡ್ಡ ಕ್ಲಬ್‌ಗಳ ಬಾಗಿಲು ವರ್ಷಗಟ್ಟಲೆ ಮುಚ್ಚಿದ್ದು ಬೇರೆಯೇ ಅಧ್ಯಾಯ. ಅದಕ್ಕೆ ಪ್ರತ್ಯೇಕ ಬರಹವೇ ಬೇಕು.

ನನಗೆ ಮುಖ್ಯ 2010. ಜೆಮಾನ್‌ಗೆ 63. ಫೋಜಾ ಮೂರನೇ ದರ್ಜೆಗೆ ಬಿದ್ದಿತ್ತು. ಅವರು ಅಲ್ಲಿಗೇ ಹೋದರು. ನಾಪೋಲಿಯಿಂದ ಎರವಲು ಬಂದ ಲೊರೆಂಜೊ ಇನ್ಸಿನ್ಯೆ ಎಂಬ ಗಿಡ್ಡ ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ಆ ಸೀಸನ್ನಿನ ಲೀಗ್‌ನಲ್ಲಿ ಅವನು 19 ಗೋಲು ಹೊಡೆದ. ಬಡ್ತಿ ಸಿಗಲಿಲ್ಲ. ಮರುವರ್ಷ ಜೆಮಾನ್ ಎರಡನೇ ದರ್ಜೆಯ ಪೆಸ್ಕಾರಾಕ್ಕೆ ಹೋಗುವಾಗ ಇನ್ಸಿನ್ಯೆಯನ್ನೂ ಕರೆದುಕೊಂಡರು. ಜುವೆಂಟಸ್‌ನಿಂದ ಎರವಲಾಗಿ ಚೀರೊ ಇಮ್ಮೊಬಿಲೆ ಬಂದ. ಪೆಸ್ಕಾರಾದವನೇ ಆದ ಮಾರ್ಕೊ ವೆರಾಟ್ಟಿ ಅಲ್ಲಿವರೆಗೆ ಸ್ಟ್ರೈಕರ್ ಹಿಂದೆ ಆಡುತ್ತಿದ್ದ. ಜೆಮಾನ್ ಅವನನ್ನು ಕೆಳಕ್ಕೆ ಎಳೆದು ಡಿಫೆನ್ಸ್‌ನ ಮುಂದೆ ನಿಲ್ಲಿಸಿದರು. ಇಡೀ ಆಟ ಅಲ್ಲಿಂದ ಹೊರಟಿತು. 42 ಪಂದ್ಯಗಳಲ್ಲಿ 90 ಗೋಲು, ಇಮ್ಮೊಬಿಲೆಯೊಬ್ಬನದೇ 28. ವೆರಾಟ್ಟಿ ಸೀರಿ ಎ ಯಲ್ಲಿ ಒಂದೂ ಪಂದ್ಯ ಆಡದೆ ನೇರ ಫ್ರಾನ್ಸಿನ ದೊಡ್ಡ ಕ್ಲಬ್ ಪ್ಯಾರಿಸ್ ಸೇಂಟ್ ಜರ್ಮೈನ್ ಸೇರಿದ.

2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಯುರೋಪಿನ ದೇಶಗಳ ಯೂರೋ ಕಪ್ ಫೈನಲ್‌ಗೆ ಇಟಲಿ ಇಳಿಸಿದ ಹನ್ನೊಂದು ಮಂದಿಯಲ್ಲಿ ಈ ಮೂವರೂ ಇದ್ದರು. ಮೂವರನ್ನೂ ಜೆಮಾನ್ ಒಬ್ಬರೇ ತಯಾರು ಮಾಡಿದರು ಅಂದರೆ ಅವರವರ ಮೊದಲ ಗುರುಗಳಿಗೆ ಅನ್ಯಾಯವಾದೀತು. ಆದರೆ ಇಪ್ಪತ್ತರ ಆಸುಪಾಸಿನ ಮೂವರನ್ನು ನಂಬಿ ಒಂದೇ ತಂಡದಲ್ಲಿ ವಾರವಾರವೂ ಆಡಿಸಿದ್ದು ಯಾರು? ಸೋಲಿನ ಭಯಕ್ಕೆ ಅನುಭವಿಗಳನ್ನೇ ನೆಚ್ಚಿಕೊಳ್ಳುವ ಕೋಚ್ ಆ ಕೆಲಸ ಮಾಡುತ್ತಿರಲಿಲ್ಲ. ಕೆಳ ದರ್ಜೆಯಲ್ಲಿ ಆ ಭಯ ಇನ್ನೂ ಜಾಸ್ತಿ. ನಾಲ್ಕು ಪಂದ್ಯ ಸೋತರೆ ಕೋಚ್ ಮನೆಗೆ, ತಂಡ ಕೆಳಗೆ ಜಾರಿದರೆ ಕ್ಲಬ್ಬೇ ದಿವಾಳಿ.

ಅವರ ಲೆಕ್ಕದಲ್ಲಿ ಸೋಲುಗಳೂ ಧಾರಾಳ. ಅವರ ಕೈಯಲ್ಲಿದ್ದ ಅವೆಲ್ಲಿನೊ ತಂಡ 2004ರಲ್ಲಿ ಕೆಳಗಿನ ದರ್ಜೆಗಿಳಿಯಿತು. ರೋಮಾ 2013ರಲ್ಲಿ ಸೀಸನ್ ನಡುವೆಯೇ ಅವರನ್ನು ಕೈಬಿಟ್ಟಿತು. ಮುಂದಿದ್ದಾಗ ಆಟ ಬಿಗಿ ಮಾಡಿ ಫಲಿತಾಂಶ ಕಾಪಾಡಿಕೊಳ್ಳಲು ಒಪ್ಪದ ಹಟ ಅವರಿಂದ ಎಷ್ಟೋ ಪಾಯಿಂಟ್ ಕಿತ್ತುಕೊಂಡಿದೆ. ಇದನ್ನು ಅಭಿಮಾನಿಗಳಾದ ನಾವೂ ಒಪ್ಪಲೇಬೇಕು.

74ಕ್ಕೆ ಮತ್ತೆ ಫೋಜಾ, ಮತ್ತೆ ಸೀರಿ ಸಿ. 75ಕ್ಕೆ ಪೆಸ್ಕಾರಾ, ಅದೂ ಸೀರಿ ಸಿ. 2023ರಲ್ಲಿ ಬಡ್ತಿಗಾಗಿ ನಡೆದ ಪ್ಲೇಆಫ್ ಸೆಮಿಫೈನಲ್‌ನಲ್ಲಿ ಪೆಸ್ಕಾರಾಕ್ಕೆ ಎದುರಾದದ್ದು ಅದೇ ಫೋಜಾ, ಜೆಮಾನ್ ತಂಡ ಪೆನಾಲ್ಟಿಗಳಲ್ಲಿ ಸೋತಿತು. 2024ರ ಫೆಬ್ರವರಿಯಲ್ಲಿ ಆರೋಗ್ಯ ಕೈಕೊಟ್ಟು ಪೆಸ್ಕಾರಾ ಬಿಡಬೇಕಾಯಿತು. ಯಾವುದೋ ಟಿವಿ ಸ್ಟುಡಿಯೋದಲ್ಲಿ ವಿಶ್ಲೇಷಕರಾಗಿ ಆರಾಮವಾಗಿ ಕೂರಬಹುದಿದ್ದ ವಯಸ್ಸಿನಲ್ಲಿ ಅವರು ಮೂರನೇ ದರ್ಜೆಯ ಹುಡುಗರಿಗೆ 4-3-3 ಹೇಳಿಕೊಡುತ್ತಿದ್ದರು. ಇದನ್ನು ಇಳಿತ ಅನ್ನುವವರು 2012ರ ಪೆಸ್ಕಾರಾದ ಯಾವುದಾದರೂ ಒಂದು ಪಂದ್ಯವನ್ನು ಪೂರ್ತಿ ತೊಂಬತ್ತು ನಿಮಿಷ ನೋಡಿ ಬನ್ನಿ. ವಾದ ಆಮೇಲೆ ಮಾಡೋಣ.