ಜೆಸಿಬಿ ಬರೋ ಮುಂಚೆ ಹಂಚು ಇಳಿಸ್ರಪ್ಪ

ತೀರ್ಥಹಳ್ಳಿ, ಸಾಗರ, ಹೊಸನಗರ ಎಲ್ಲೇ ನೋಡಿ, ಹಳೇ ಹಂಚಿನ ಮನೆ ಕೆಡವೋಕೆ ಮೊದಲು ಬರೋದೇ ಜೆಸಿಬಿ. ಹಂಚು, ಪಕಾಸಿ (ಮಾಡಿನ ಇಳಿಜಾರು ಮರ), ಗಾರೆ, ವೈರು ಎಲ್ಲಾ ಕಲಸುಮೇಲೋಗರವಾಗಿ ಟಿಪ್ಪರ್‌ನಲ್ಲಿ ಹಳ್ಳದ ದಂಡೆಗೆ. ಹೊಟ್ಟೆ ಉರಿಯುತ್ತೆ.

ಕರೆಂಟು ತೆಗೆಸಿ, ಕಟ್ಟಿದ್ದರ ಉಲ್ಟಾ ಬಿಚ್ಚಿದ್ರೆ ಸಾಕಲ್ವಾ? ನೆತ್ತಿಯ ಹಂಚಿಗೆ ಮಾತ್ರ ಗಾರೆ ಮೆತ್ತಿರುತ್ತೆ, ಉಳಿಯಲ್ಲಿ ಬಿಡಿಸಿ. ಮಿಕ್ಕಿದ್ದು ಒಂದಕ್ಕೊಂದು ಕಚ್ಚಿಕೊಂಡು ಕೂತಿರೋದು, ಕೈಯಲ್ಲೇ ಎತ್ತಬಹುದು. ಇಳಿಸಿದ್ದನ್ನ ನಿಲ್ಲಿಸಿ ಜೋಡಿಸಿ. ಮಲಗಿಸಿ ಪೇರಿಸಿದ್ರೆ ಅಡಿಯವು ಬಿರುಕು ಬಿಡ್ತವೆ. ಆಮೇಲೆ ರೀಪು (ಹಂಚು ಕೂರೋ ಸಣ್ಣ ಮರದ ಪಟ್ಟಿ), ಪಕಾಸಿ, ತೊಲೆ ಬಿಚ್ಚಿ. ಮೊಳೆ ಕೀಳದೆ ಕೊಟ್ರೆ ಗರಗಸದ ಹಲ್ಲು ಹೋಗುತ್ತೆ, ಸಾಮಿಲ್‌ನವರು ಮುಟ್ಟಲ್ಲ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಸಣ್ಣ ಸುತ್ತಿಗೆ ಪೆಟ್ಟಿಗೇ ಇಡಿಯಾಗಿ ಬಿಡುತ್ತೆ. ಸಿಮೆಂಟಿನದು ಕಷ್ಟ, ಗಾರೆಗಿಂತ ಕಲ್ಲೇ ಮೆತ್ತಗೆ, ಅದೇ ಒಡೆಯುತ್ತೆ. ಒಡೆದದ್ದನ್ನೂ ತಳಪಾಯದೊಳಗೆ ತುಂಬಬಹುದು, ಮರದ ಚೂರು ಮಾತ್ರ ಸೇರಬಾರದು. ಗೆದ್ದಲು ಹಿಡಿದು ನೆಲ ಕುಸಿಯುತ್ತೆ.

ಕಟ್ಟಡದ ತ್ಯಾಜ್ಯ ಚರಂಡಿಗೆ ಅಡ್ಡ ಆಗಬಾರದು ಅಂತ ಕೇಂದ್ರದ 2016ರ ನಿಯಮದಲ್ಲೇ ಇತ್ತು. ಯಾರು ಕೇಳ್ತಾರೆ? ಜೂನ್ ಮಳೆಗೆ ಹಳ್ಳದ ರಾಶಿ ಕೊಚ್ಚಿಕೊಂಡು ಕೆಳಗಿನ ಗದ್ದೆಗೆ ಇಳಿಯುತ್ತೆ, ನಟ್ಟಿ ಮಾಡೋ ಹೆಂಗಸರ ಕಾಲಿಗೆ ಹಂಚಿನ ಚೂರು ಚುಚ್ಚುತ್ತೆ.